ಕಪ್ಪು ರಿಬ್ಬನ್ ಕಟ್ಟಿದವಳು

ಕೇತಕಿ ಸುಮಿತನ ಕೈಗೆ ಕಪ್ಪು ರಿಬ್ಬನ್ ಕಟ್ಟಿ ಅವನನ್ನು ಸತ್ತವರ ಸಾಲಿಗೆ ಸೇರಿಸಿದಾಗ, ಆ ಸತ್ತವನ ಎದೆ ಅಂಗಿಯ ಗುಂಡಿ ಸಮೇತ ಏರಿಳಿಯುತ್ತಿತ್ತು. ನೋಡುವ ಮನಸ್ಸಿದ್ದ ಯಾರಿಗಾದರೂ ಅದು ಕಾಣುತ್ತಿತ್ತು. ಕೇತಕಿಗೆ ಮಾತ್ರ ಆ ಗಳಿಗೆಯಲ್ಲಿ ಅಲ್ಲಿಂದ ಎದ್ದು ಹೋದರೆ ಸಾಕಾಗಿತ್ತು.

ಅದು ಭಾಲ್ಕಿಯ ಹಳೆಯ ಗೋದಾಮೊಂದರ ಅಂಗಳ. ನೆರೆ ಬಂದಾಗ, ಗೋಡೆ ಬಿದ್ದಾಗ, ಸಿಡಿಲು ಹೊಡೆದಾಗ ಸರಕಾರದ ಗಾಡಿ ಬರುವ ತನಕ ಊರಿನವರೇ ಏನು ಮಾಡಬೇಕು ಎಂದು ಕಲಿಸುವ ತರಬೇತಿಯನ್ನು ಬೀದರಿನ ಒಂದು ಸೇವಾ ಸಂಸ್ಥೆ ಮಳೆಗಾಲಕ್ಕೆ ಮುಂಚೆ ನಡೆಸುತ್ತಿತ್ತು. ಊರಿಗೊಬ್ಬರಂತೆ ಬಂದಿದ್ದರು. ಪಾಸಾದವರ ಊರಿಗೆ ಹಗ್ಗ, ತೇಲುವ ಜಾಕೀಟು, ಸ್ಟ್ರೆಚರು ಎಲ್ಲ ಸಿಗುತ್ತಿತ್ತು. ಅಂದು ಕೊನೆಯ ಪರೀಕ್ಷೆ. ಗೋದಾಮಿನ ಗೋಡೆ ಕುಸಿದಿದೆ ಎಂದು ಅರ್ಧ ಮಂದಿ ಗಾಯಾಳುಗಳಾಗಿ ಮಲಗಿದ್ದರು, ಉಳಿದರ್ಧ ಮಂದಿ ಅವರನ್ನು ಉಳಿಸಬೇಕಿತ್ತು. ಮೊದಲು ಎತ್ತಬೇಕಾದವರಿಗೆ ಕೆಂಪು ರಿಬ್ಬನ್, ಸ್ವಲ್ಪ ಕಾಯಬಲ್ಲವರಿಗೆ ಹಳದಿ, ನಡೆಯಬಲ್ಲವರಿಗೆ ಹಸಿರು. ಉಸಿರು ನಿಂತವರಿಗೆ ಕಪ್ಪು. ಕಪ್ಪು ಕಟ್ಟಿದವರನ್ನು ಎಲ್ಲರೂ ಮುಗಿದ ಮೇಲೆ ಎತ್ತುತ್ತಾರೆ.

ಉಸಿರು ನೋಡುವುದು ಕಷ್ಟದ ಕೆಲಸವೇನಲ್ಲ. ಮಂಡಿಯೂರಿ, ಮಲಗಿದವರ ಮೂಗಿನ ಹತ್ತಿರ ಕೆನ್ನೆ ಇಟ್ಟು, ಎದೆಯ ಮೇಲೆ ಕಣ್ಣಿಟ್ಟು ಕಾಯಬೇಕು. ಆಟೋ ಓಡಿಸುವ ಖಾಜಾ ಮಿಯಾನ ಮೀಸೆ ಚುಚ್ಚಿದರೂ ಕೇತಕಿ ಅಲುಗಲಿಲ್ಲ. ಅವನಿಗೆ ಸರಿಯಾಗಿ ಕೆಂಪು ಕಟ್ಟಿ, ಕಂಬದ ಪಕ್ಕ ಮಲಗಿದ್ದ ಸುಮಿತನ ಹತ್ತಿರ ಬಂದಳು.

ಸುಮಿತ ಔರಾದ ಕಡೆಯವನು, ಕುರಿ ಮೇಯಿಸುವ ಮನೆಯ ಹುಡುಗ. ಗಂಟು ಹಾಕುವುದನ್ನು ಕಲಿಯುವ ದಿನ ಇಬ್ಬರಿಗೂ ಸೇರಿ ಒಂದೇ ಹಗ್ಗ ಸಿಕ್ಕಿತ್ತು. “ಭಾಳ ಬಿಗಿ ಎಳೀಬ್ಯಾಡ್ರಿ ಮ್ಯಾಡಂ, ಬಿಚ್ಚವರೂ ನಾವೇ ಇದ್ದೇವಿ,” ಎಂದಿದ್ದ. ಅವಳು ಬೇಕೆಂದೇ ಇನ್ನಷ್ಟು ಬಿಗಿದಳು. ಅದನ್ನು ಬಿಚ್ಚಲು ಊಟದ ಬಿಡುವೆಲ್ಲ ಹಿಡಿಯಿತು, ಇಬ್ಬರಿಗೂ ಅದರ ಬಗ್ಗೆ ದೂರಿರಲಿಲ್ಲ. ಅಂದಿನಿಂದ ಅವನು ಓರೆಗಣ್ಣಲ್ಲಿ ಅವಳನ್ನು ನೋಡುವುದು, ಸಿಕ್ಕಿಬಿದ್ದರೆ ಮಳೆಯ ಚಿಂತೆ ಹತ್ತಿದವನಂತೆ ಆಕಾಶ ನೋಡುವುದು ನಡೆದಿತ್ತು. “ನಿನ್ನ ಸಲುವಾಗಿ ಅವನ ಕುತಗಿ ನೋವು ಹತ್ತತದ ನೋಡು,” ಎಂದು ಗೆಳತಿ ಜೇಬಾ ಕಾಡಿಸುತ್ತಿದ್ದಳು.

ಈಗ ಆ ಕಣ್ಣುಗಳು ಮುಚ್ಚಿದ್ದವು. ರೆಪ್ಪೆಗಳ ಮೇಲೆ ಧೂಳು ಕೂತಿತ್ತು. ಮೇಲ್ದುಟಿಯ ಮೇಲೆ ಬೆವರು ಮೂಡಿತ್ತು. ಕೇತಕಿ ಬಗ್ಗಿದಾಗ ಅವಳ ಜಡೆ ಜಾರಿ ಅವನ ಹೆಗಲ ಮೇಲೆ ಬಿತ್ತು, ರೆಪ್ಪೆಗಳು ಸಣ್ಣಗೆ ನಡುಗಿದವು. ಕಂಪೌಂಡಿನ ಮೇಲೆ ಕೂತು ನೋಡುತ್ತಿದ್ದ ಭಾಲ್ಕಿಯ ಹುಡುಗರಲ್ಲಿ ಒಬ್ಬ ಸಿಳ್ಳೆ ಹಾಕಿದ. ಇನ್ನೊಬ್ಬ ಮೊಬೈಲ್ ಎತ್ತಿ ಹಿಡಿದ. ಅವಳ ಮುಖಕ್ಕೆ ಬೆಂಕಿ ತಾಗಿದಂತಾಯಿತು. ಮೂಗಿಗೂ ಕೆನ್ನೆಗೂ ಗೇಣು ಅಂತರವಿರುವಾಗಲೇ ಅವಳು ನೆಟ್ಟಗಾದಳು. ಸತ್ತವನ ಹತ್ತಿರ ಯಾರೂ ಹೆಚ್ಚು ಹೊತ್ತು ಕೂರುವುದಿಲ್ಲ. ಕಪ್ಪು ರಿಬ್ಬನ್ ಕಟ್ಟಿ ಎದ್ದುಬಿಟ್ಟಳು.

ಎಲ್ಲರನ್ನೂ ನೆರಳಿಗೆ ಒಯ್ದು ನೀರು ಕುಡಿಸಿದ ಮೇಲೂ ಸುಮಿತ ಬಿಸಿಲಲ್ಲಿ ಬಿದ್ದಿದ್ದ. ತರಬೇತಿ ಕೊಡುತ್ತಿದ್ದ ಕರೀಮ ಸಾಬ ಅಗ್ನಿಶಾಮಕ ದಳದಲ್ಲಿ ಆಯುಷ್ಯ ಕಳೆದವರು. ಸುಮಿತನಿಗೆ ಕೊಟ್ಟ ಪಾತ್ರ ಅವರಿಗೆ ನೆನಪಿತ್ತು: ಪ್ರಜ್ಞೆ ಇಲ್ಲ, ಉಸಿರಿದೆ.

“ಇವನಿಗಿ ಕರಿ ರಿಬ್ಬನ್ ಯಾರು ಕಟ್ಟಿದ್ರಿ?”

“ನಾನ್ರಿ,” ಎಂದಳು ಕೇತಕಿ.

“ಉಸಿರು ನೋಡಿದಿ?”

ಎಲ್ಲರೂ ಅವಳತ್ತ ತಿರುಗಿದರು. “ನೋಡಿದೆರಿ. ಇರಲಿಲ್ಲ.” ಬಾಯಿಂದ ಹೊರಟ ಮೇಲೆ ಅವಳಿಗೇ ಆ ಮಾತು ಕೇಳಿಸಿತು.

ಸುಮಿತ ಎದ್ದು ಕೂತು ಕೂದಲಿನ ಮಣ್ಣು ಕೊಡವಿಕೊಂಡ. ಒಂದು ಸಲ ಅವಳನ್ನು ನೋಡಿದ. “ಅವರದೇನು ತಪ್ಪಿಲ್ರಿ ಸಾಬ್. ನಾನ ಉಸಿರು ಹಿಡದಿದ್ದೆ. ಸುಮ್ಮ ಮಜಾಕಿಗೆ.”

ಕರೀಮ ಸಾಬರ ಮುಖ ಗಂಟಾಯಿತು. “ಜಾನ್ ಉಳಸೋ ಕೆಲಸ ಇದು, ಮಜಾಕ್ ಮಾಡ್ತಿ? ನೀ ಇನ್ನ ಬರಬ್ಯಾಡ. ಸೋಮವಾರ ಬೀದರಿಗೆ ಬಂದು ಜಾಕೀಟು, ಬೂಟು ವಾಪಸ್ ಕೊಟ್ಟು ಹೋಗು.”

ಅಲ್ಲಿ ಕೇತಕಿ ಒಂದೇ ಒಂದು ಮಾತು ಆಡಬೇಕಿತ್ತು. ಅವಳು ಬಗ್ಗಿ ಉಳಿದ ರಿಬ್ಬನ್‌ಗಳನ್ನು ಸುತ್ತತೊಡಗಿದಳು. ಸುಮಿತ ಚೀಲ ಹೆಗಲಿಗೇರಿಸಿ ಅವಳ ಪಕ್ಕದಿಂದಲೇ ಹೋದ, ಆಕಾಶವನ್ನೂ ನೋಡಲಿಲ್ಲ.

ಬೀದರಿನ ಮನೆಯಲ್ಲಿ ಅವಳ ಅಪ್ಪ ಭಾಲಚಂದ್ರ ಪೇಢೆ ತಂದಿದ್ದರು. ಕಾಲೇಜಿನಲ್ಲಿ ಪಾಠ ಹೇಳುವ ಮನುಷ್ಯ, ಮಗಳ ಸುದ್ದಿ ಬಂದರೆ ಮಾತ್ರ ಮಾತು ಉದ್ದವಾಗುತ್ತಿತ್ತು. “ನಮ್ಮ ಕೇತಕಿ ಬ್ಯಾಚಿಗೇ ಮೊದಲ ಬಂದಾಳ್ರಿ,” ಎಂದು ಪಕ್ಕದ ಮನೆಯವರಿಗೆ ಕನ್ನಡದಲ್ಲಿ ಹೇಳಿ, ಪುಣೆಯ ತಂಗಿಗೆ ಫೋನಿನಲ್ಲಿ ಮರಾಠಿಯಲ್ಲಿ ಹೇಳಿದರು. ಎರಡು ಭಾಷೆಯಲ್ಲೂ ಅದು ಕೇತಕಿಗೆ ಚುಚ್ಚಿತು. ತನ್ನ ಪಾಲಿನ ಪೇಢೆಯನ್ನು ಡಬ್ಬಿಗೇ ವಾಪಸ್ ಹಾಕಿದಳು. ಕನ್ನಡಿಯ ಮುಂದೆ ನಿಂತು ಜಡೆ ಹಾಕಿಕೊಳ್ಳುವುದಕ್ಕೂ ಅವಳಿಗೆ ನಾಚಿಕೆಯಾಯಿತು. ಅದು ಪ್ರೀತಿಯ ನಾಚಿಕೆಯಾಗಿರಲಿಲ್ಲ, ತನ್ನನ್ನು ಕಂಡರೆ ತನಗೇ ಆಗದಂಥ ನಾಚಿಕೆ.

ಭಾನುವಾರ ಔರಾದ ಬಸ್ಸು ಹತ್ತಿದಳು. ಜನವಾಡ ದಾಟುವ ತನಕ ಕ್ಷಮೆ ಕೇಳುವ ಮಾತುಗಳನ್ನು ಜೋಡಿಸಿಕೊಂಡಳು. ಸುಮಿತನ ಊರಿನ ಕ್ರಾಸಿನಲ್ಲಿ ಇಳಿಯುವಷ್ಟರಲ್ಲಿ ಒಂದೂ ನೆನಪಿರಲಿಲ್ಲ.

ಸುಮಿತ ಕುರಿಯ ಹಿಂದೆ ಹೋಗಿದ್ದ. ಅವನ ತಾಯಿ ಪುತಳಾಬಾಯಿ, ತರಬೇತಿಯಲ್ಲಿ ಜೊತೆಗಿದ್ದವಳು ಎಂದು ತಿಳಿದು ತಂಬಿಗೆಯಲ್ಲಿ ನೀರು ಕೊಟ್ಟು, ಕಂಬಳಿ ಹಾಸಿ ಕೂರಿಸಿ ಚಹಾ ಮಾಡಿದಳು. ಕಟ್ಟೆಯ ಮೇಲೆ ಸುಮಿತನ ಕಾಕಾ ದತ್ತಾತ್ರಿ ಕೂತಿದ್ದ. ಅವನ ಎಡಗೈ ಭುಜದಿಂದ ಮೇಲೆ ಏಳುತ್ತಿರಲಿಲ್ಲ.

“ಹೋದ ಮಳಿಗಾಲದಾಗ ಹಳ್ಳ ಬಂತು ಯವ್ವಾ,” ಎಂದು ಅವನೇ ಹೇಳಿದ. “ನಡಕ್ ಜಾಲಿಗಿಡ ಹಿಡಕೊಂಡು ಹಗಲೆಲ್ಲಾ ನಿಂತೆ. ದಂಡಿ ಮ್ಯಾಲ ಊರ ಊರೇ ನಿಂತಿತ್ತು. ಒಗೀಲಿಕ್ಕೆ ಒಂದು ಚಲೋ ಹಗ್ಗ ಇರಲಿಲ್ಲ, ಒಗ್ಯಾವ ಒಬ್ಬ ಇರಲಿಲ್ಲ. ಅದಕ್ಕ ಈ ಹುಡಗನ್ನ ಕಳಿಸಿದ್ವಿ. ಇಂವ ನೋಡಿದ್ರ ಹುಡುಗಾಟಿಕಿ ಮಾಡಿ ಬಂದಾನ.”

“ನಿನ್ನ ಮುಂದ ಮಾರಿ ತೋರ್ಸಲಿಕ್ಕೆ ನಾಚಿಕಿ ಬರ್ತದ ಯವ್ವಾ,” ಎಂದಳು ಪುತಳಾಬಾಯಿ, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ. “ಮಂದಿ ಜೀವದ ವ್ಯಾಳ್ಯಾದಾಗ ನಗಚಾಟಿಕಿ ಮಾಡೋ ಹುಡಗ ಅಲ್ಲ ಅಂವ. ಅವತ್ತೇನಾತೋ. ನೀ ಪಾಸ್ ಆದಿ, ಹೌದಿಲ್ಲೋ?”

“ಹೂಂ ರಿ.”

“ಚಲೋ ಆತು. ಶಾಣ್ಯಾಕಿ ಇದ್ದಿ.”

ಆ ತಾಯಿ ತನ್ನೆದುರು ತಲೆ ತಗ್ಗಿಸಿ ಕೂತಿದ್ದನ್ನು ನೋಡಿ ಕೇತಕಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹೇಳಿಬಿಡಲು ಬಾಯಿ ತೆರೆದಳು. ಅಷ್ಟರಲ್ಲಿ ಕುರಿಗಳು ಅಂಗಳಕ್ಕೆ ನುಗ್ಗಿದವು, ಹಿಂದೆ ಸುಮಿತ ಬಂದ. ಅವಳನ್ನು ಕಂಡವನು ಬಾಗಿಲಲ್ಲೇ ನಿಂತ. “ಬಸ್ಸಿಗಿ ಬಿಟ್ಟು ಬರ್ತೇನಿ ಅವ್ವ,” ಎಂದಷ್ಟೇ ಹೇಳಿ ಮುಂದೆ ನಡೆದ.

ಊರು ಹಿಂದೆ ಬಿದ್ದ ಮೇಲೆ ಅವಳು ಕೇಳಿದಳು. “ಯಾಕ ಸುಳ್ಳು ಹೇಳಿದ್ರಿ?”

“ಪೂರಾ ಸುಳ್ಳಲ್ರಿ ಅದು. ನೀವು ಬಗ್ಗಿದಾಗ ಖರೇನ ಉಸಿರು ನಿಂತಿತ್ತು.”

ನಗಬೇಕಾದ ಮಾತು ಅದು. ಬೇರೆ ದಿನವಾಗಿದ್ದರೆ ಅದನ್ನು ಮನೆಗೆ ಒಯ್ದು ವಾರವೆಲ್ಲ ಬಚ್ಚಿಟ್ಟುಕೊಳ್ಳುತ್ತಿದ್ದಳು. ಈಗ ಕಣ್ಣು ತುಂಬಿ ದಾರಿ ಕಾಣದಾಯಿತು.

“ನಾ ನೋಡಲೇ ಇಲ್ರಿ. ನಿಮ್ಮ ಹತ್ತಿರ ಬರಲಿಕ್ಕೆ ನಾಚಿ ಕರಿ ರಿಬ್ಬನ್ ಕಟ್ಟಿ ಎದ್ದೆ.”

“ಗೊತ್ತದರಿ. ಜಡಿ ಬಂತು, ಕೆನ್ನಿ ಬರಲಿಲ್ಲ. ಇನ್ನ ಬರ್ತದ, ಇನ್ನ ಬರ್ತದ ಅಂತ ಬಿಸಲಾಗ ಮಲಗೇ ಇದ್ದೆ.” ಹೇಳುತ್ತ ಅವನು ಓರೆಯಾಗಿ ನೋಡಿದ. ಅವಳು ಅಳುತ್ತಿರುವುದು ಕಂಡು ಅವನ ನಗು ಆರಿತು. “ಅಳಬ್ಯಾಡ್ರಿ. ನನಗೇನೂ ಆಗಿಲ್ಲ.”

“ನಾಳಿ ಸಾಬರ ಮುಂದ ಹೇಳ್ತೇನಿ.”

“ಹೇಳಬ್ಯಾಡ್ರಿ,” ಎಂದು ಅವನು ನಿಂತುಬಿಟ್ಟ. “ನೋಡಲಿಲ್ಲ ಅಂದ್ರ ಯಾಕ ನೋಡಲಿಲ್ಲ ಅಂತ ಕೇಳ್ತಾರ. ಖಾಜಾ ಮಿಯಾಂದು ನೋಡಿದಿ, ಇವಂದಷ್ಟ ಯಾಕ ಬಿಟ್ಟಿ ಅಂತಾರ. ಅಷ್ಟು ಮಂದಿ ಮುಂದ ಏನಂತೀರಿ? ನಿಮ್ಮ ಅಪ್ಪಾರೂ ಇರ್ತಾರ. ನನಗ ನಾಕು ದಿನ ಬೈದು ಬಿಡ್ತಾರ್ರಿ. ನಿಮ್ಮ ಹೆಸರಿಗಿ ಹತ್ತಿದ್ದು ಹೋಗಂಗಿಲ್ಲ.”

“ಮತ್ತ ನಿಮ್ಮೂರಿನ ಹಗ್ಗ?”

“ಮುಂದಿನ ವರ್ಷ ನೋಡೂನ್ರಿ.”

ಅವನ ಊರಿಗೂ ಮುಂದಿನ ವರ್ಷಕ್ಕೂ ನಡುವೆ ಒಂದು ಮಳೆಗಾಲ ಪೂರ್ತಿ ಇತ್ತು. ಅದು ಇಬ್ಬರಿಗೂ ಗೊತ್ತಿತ್ತು. ಬಸ್ಸು ಬಂತು, ಅವಳು ಹತ್ತಿದಳು.

ಸೋಮವಾರ ಬೀದರಿನ ಸಭಾಭವನದಲ್ಲಿ ಎಲ್ಲರೂ ಕಿತ್ತಳೆ ಬಣ್ಣದ ಜಾಕೀಟು ಹಾಕಿ ಕೂತಿದ್ದರು. ಭಾಲಚಂದ್ರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿದ್ದರು. ಸುಮಿತ ಮಡಿಚಿದ ಜಾಕೀಟು ಕೈಯಲ್ಲಿ ಹಿಡಿದು, ಕರೆಯದೆ ಬಂದ ನೆಂಟನಂತೆ ಬಾಗಿಲಲ್ಲಿ ನಿಂತಿದ್ದ. ಕರೀಮ ಸಾಬ ಮೊದಲು ಕೇತಕಿಯ ಹೆಸರು ಕರೆದು ಪ್ರಮಾಣಪತ್ರ ಮುಂದೆ ಹಿಡಿದರು. ಅವಳು ಕೈ ಚಾಚಲಿಲ್ಲ.

“ಸಾಬ್, ಸುಮಿತ ಅವರು ಉಸಿರು ಹಿಡದಿರಲಿಲ್ರಿ. ನಾನ ನೋಡಿರಲಿಲ್ಲ. ನೋಡಿದೆ ಅಂತ ಸುಳ್ಳು ಹೇಳಿದೆ.”

ಚಪ್ಪಾಳೆ ತಟ್ಟಲು ಎತ್ತಿದ್ದ ಕೈಗಳು ಹಾಗೇ ನಿಂತವು. ಕರೀಮ ಸಾಬ ಕನ್ನಡಕ ತೆಗೆದು ಅವಳನ್ನು ನೋಡಿದರು. ಬೈದಿದ್ದರೆ ಹಗುರಾಗುತ್ತಿತ್ತು. ಅವರು ಮೆಲ್ಲಗೆ ಕೇಳಿದರು. “ಖಾಜಾ ಮಿಯಾಂದು ನೋಡಿದಿ, ನಾ ಕಣ್ಣಾರೆ ಕಂಡೀನಿ. ಇವಂದಷ್ಟ ಯಾಕ ಬಿಟ್ಟಿ ಬೇಟಿ? ಬಿಸಲು ಭಾಳ ಇತ್ತು. ಹೈರಾಣ ಆಗಿದ್ದಿ, ಹೌದಿಲ್ಲೋ?”

ಅವರು ಕರುಣೆಯಿಂದಲೇ ಬಾಗಿಲು ತೆರೆದು ಕೊಟ್ಟಿದ್ದರು. ಹೌದ್ರಿ ಎಂದರೆ ಮುಗಿಯುತ್ತಿತ್ತು, ಸುಮಿತನಿಗೂ ಅವನ ಜಾಗ ಸಿಗುತ್ತಿತ್ತು. ಬಾಗಿಲಲ್ಲಿ ನಿಂತಿದ್ದವನು ಹೂಂ ಅನ್ನು, ಹೂಂ ಅನ್ನು ಎಂದು ಕಣ್ಣಲ್ಲೇ ಬೇಡುತ್ತಿದ್ದ. ಆದರೆ ಹಾಗೆಂದರೆ ಅವನನ್ನು ಇನ್ನೊಮ್ಮೆ ಅದೇ ಬಿಸಿಲಲ್ಲಿ ಬಿಟ್ಟು ಎದ್ದು ಬಂದಂತೆ ಎಂದು ಕೇತಕಿಗೆ ಅನ್ನಿಸಿತು.

“ಬಿಸಲಿಗಲ್ರಿ,” ಎಂದಳು. “ಬಾಕಿ ಮಂದಿ ಹತ್ತಿರ ಬಗ್ಗಲಿಕ್ಕೆ ನನಗ ನಾಚಿಕಿ ಆಗಲಿಲ್ಲ. ಇವರ ಹತ್ತಿರ ಆತು. ಇವರ ಮ್ಯಾಲ ನನ್ನ ಮನಸ್ಸದರಿ. ಅದು ಮಂದಿಗಿ ಕಾಣ್ತದ ಅಂತ ಅಂಜಿ, ಉಸಿರಾಡೋ ಮನಷ್ಯಾಗ ಸತ್ತಾನ ಅಂದೆ. ಖರೇನ ಗ್ವಾಡಿ ಬಿದ್ದಿದ್ರ ಇವತ್ತು ಇವರು ಇರತಿದ್ದಿಲ್ಲ.”

ಜೇಬಾ ಬಾಯಿಗೆ ಕೈ ಹಿಡಿದಳು. ಖಾಜಾ ಮಿಯಾ ನೆಲ ನೋಡಿದ. ನಗುತ್ತಾರೆ ಎಂದು ಎಷ್ಟೊಂದು ಅಂಜಿದ್ದಳು, ಒಬ್ಬರೂ ನಗಲಿಲ್ಲ. ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಸರಿದ ಸದ್ದಾಯಿತು. ಭಾಲಚಂದ್ರ ಎದ್ದು ಹೊರಗೆ ಹೋದರು.

ಕರೀಮ ಸಾಬ ಪ್ರಮಾಣಪತ್ರವನ್ನು ಮೇಜಿನ ಮೇಲೆ ಬೋರಲು ಇಟ್ಟರು. “ನೀ ಫೇಲ್ ಬೇಟಿ. ಮುಂದಿನ ಬ್ಯಾಚಿಗೆ ಮೊದಲಿಂದ ಕಲಿ.”

“ಹೂಂ ರಿ.”

“ಏ ಸುಮಿತ, ಜಾಕೀಟು ಕೈಯಾಗ ಯಾಕ ಹಿಡದಿ? ಹಾಕ್ಕೋ. ನೀನೂ ಸುಳ್ಳು ಹೇಳೀದಿ, ಸಜಾ ಅದ ನಿನಗ. ಎಲ್ಲಾರ ಬೂಟು ತೊಳದಿಟ್ಟು ಹೋಗು. ನಿಮ್ಮೂರ ಹಗ್ಗ, ಸಾಮಾನು ಟೆಂಪೋಕ್ಕ ಹಾಕಸ್ತೇನಿ, ಇವತ್ತೇ ಒಯ್ಯಿ.”

ಕೇತಕಿ ಹೊರಗೆ ಬಂದಾಗ ಬೇವಿನ ಗಿಡದ ಕೆಳಗೆ ಅಪ್ಪ ಸ್ಕೂಟರಿನ ಸೀಟು ಒರೆಸುತ್ತಿದ್ದರು. ಅದು ಆಗಲೇ ಸ್ವಚ್ಛವಾಗಿತ್ತು. ಅವಳು ತಲೆ ತಗ್ಗಿಸಿ ಎದುರು ನಿಂತಳು.

“ಬಾಬಾ, ತಪ್ಪಾತು.”

“ಯಾವುದು?” ಎಂದರು ಭಾಲಚಂದ್ರ, ಒರೆಸುವುದನ್ನು ನಿಲ್ಲಿಸದೆ. “ಅವತ್ತು ಸುಳ್ಳು ಹೇಳಿದ್ದೋ, ಇವತ್ತು ಖರೇ ಹೇಳಿದ್ದೋ?”

“ಸುಳ್ಳು ಹೇಳಿದ್ದು.”

ಅಪ್ಪ ಬಟ್ಟೆ ಮಡಿಚಿ ಡಿಕ್ಕಿಯಲ್ಲಿಟ್ಟರು. ಅವರ ಮುಖದಲ್ಲಿ ಸಿಟ್ಟು ಹೋಗಿರಲಿಲ್ಲ. ಸಂಕಟವೂ ಇತ್ತು. ಊರಿಗೆಲ್ಲ ಹಂಚಿದ ಪೇಢೆ ಅವರಿಗೂ ನೆನಪಾಗಿರಬೇಕು.

ಅಷ್ಟರಲ್ಲಿ ಸುಮಿತ ಬಂದು, ಹತ್ತಿರ ಬರಲೋ ಬೇಡವೋ ಎಂಬಂತೆ ದೂರದಲ್ಲೇ ನಿಂತು ಕೈ ಮುಗಿದ. ಜಾಕೀಟಿನ ಗುಂಡಿ ಮೇಲೆ ಕೆಳಗೆ ಹಾಕಿಕೊಂಡಿದ್ದ. ಭಾಲಚಂದ್ರ ಅವನನ್ನು ಕಾಲಿನಿಂದ ತಲೆಯ ತನಕ ನೋಡಿದರು.

“ಟೆಂಪೋ ಯಾವಾಗ ಹೋಗ್ತದ?”

“ಇನ್ನಾ ಟೈಮ್ ಅದರಿ. ಬೂಟು ತೊಳೀಬೇಕು.”

“ತೊಳದು ಮನಿಗಿ ಬರ್ರಿ. ಹಾದ್ಯಾಗ ನಿಂತು ಮಾತಾಡೋದು ಬ್ಯಾಡ. ಚಾ ಕುಡೀಕೋತ ಮಾತಾಡೂನು.”

ಕೇತಕಿ ಆಗ ತಲೆ ಎತ್ತಿದಳು. ಅಪ್ಪನ ಎದುರು, ಮೆಟ್ಟಿಲ ಮೇಲೆ ಗುಂಪುಗೂಡಿದ್ದ ಎಲ್ಲರ ಎದುರು, ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ನೋಡುತ್ತಲೇ ಇದ್ದಳು. ಸುಮಿತನ ಕಿವಿಗಳು ಕೆಂಪಾದವು, ಕೈಗಳಿಗೆ ಎಲ್ಲಿರಬೇಕೆಂದು ತಿಳಿಯಲಿಲ್ಲ, ಕೊನೆಗೆ ಅವನೇ ತಲೆ ತಗ್ಗಿಸಿದ.

“ಬರ್ತೇನ್ರಿ,” ಎಂದ. ಅಪ್ಪನಿಗೆ ಹೇಳಿದನೋ, ಮಗಳಿಗೆ ಹೇಳಿದನೋ, ಅವನಿಗೇ ಗೊತ್ತಿರಲಿಲ್ಲ.