ಬೊಮ್ಮಕ್ಕ ಕಾಡುಬೇರು ತಂದದ್ದು

ಬಹಳ ಬಹಳ ಹಿಂದೆ, ಏಳು ಬೆಟ್ಟಗಳ ಆಚೆ, ಫಲವತಿ ಎಂಬ ರಾಜ್ಯವಿತ್ತು. ಅಲ್ಲಿ ಮನೆಗೊಂದು ಮರಸೇಬಿನ ಮರ. ಒಣಗಿಸಿಟ್ಟ ಹಣ್ಣೇ ಮಾಗಿಯ ಚಳಿಗೆ ಜನರ ಊಟ.

ಆ ರಾಜ್ಯದ ಮೇಲೆ ಧೂಮಕೇಶಿ ಎಂಬ ಮಾಂತ್ರಿಕನ ಕಣ್ಣು ಬಿತ್ತು. ಒಂದು ದಿನ ಅವನು ಕೋಟೆಯ ಮೇಲೆ ನಿಂತು ಉಫ್ ಎಂದು ಊದಿದ. ಮರಗಳ ಬೇರೆಲ್ಲ ಕಲ್ಲಾಯಿತು. ಎಲೆ ಉದುರಿತು, ಕೊಂಬೆ ಒಣಗಿತು. ಆಮೇಲೆ ಅವನೇ ಬುಟ್ಟಿ ತುಂಬ ಹಣ್ಣು ಹೊತ್ತು ಬೀದಿಗೆ ಬಂದ. "ಹಣ್ಣು ಬೇಕೆ? ನಿಮ್ಮ ದನಿ ಕೊಡಿ" ಎಂದ. ಹಸಿದವರು ಕೊಟ್ಟರು. ದನಿಗಳನ್ನೆಲ್ಲ ಅವನು ಸೊಂಟದ ಸೋರೆಬುರುಡೆಯೊಳಗೆ ತುಂಬಿಕೊಂಡ.

ಅರಮನೆಯ ತೋಟದಲ್ಲಿ ಕಸಿ ಕಟ್ಟುತ್ತಿದ್ದವಳು ಬೊಮ್ಮಕ್ಕ. ಅವಳು ಜ್ವರ ಬಂದು ಮಲಗಿದಾಗ ಅಣ್ಣ ಜಂಬಣ್ಣ ತನ್ನ ದನಿ ಕೊಟ್ಟು ಒಂದು ಹಣ್ಣು ತಂದು ತಿನ್ನಿಸಿದ್ದ. ಅವಳು ಎದ್ದು ಕೂತಳು. ಏತ ತುಳಿಯುತ್ತ ಹಾಡುತ್ತಿದ್ದ ಅಣ್ಣ ಮಾತ್ರ ಮೂಕನಾಗಿದ್ದ.

ತೋಟದ ಹಳೆಯ ಮರದಲ್ಲಿ ಒಂದೇ ಒಂದು ಕೊಂಬೆ ಇನ್ನೂ ಹಸಿಯಾಗಿತ್ತು. ಬೊಮ್ಮಕ್ಕ ಅದರಿಂದ ಮೂರು ಕಡ್ಡಿ ಕೊಯ್ದು, ಒದ್ದೆ ಪಾಚಿಯಲ್ಲಿ ಸುತ್ತಿದಳು.

"ಇದರಿಂದ ಏನು ಮಾಡುತ್ತೀಯಮ್ಮ?" ಎಂದು ರಾಜ ರತ್ನಪಾಲ ಕೇಳಿದ.

"ಕಸಿ ಕಟ್ಟುತ್ತೇನೆ ಪ್ರಭು. ಆದರೆ ಕಡ್ಡಿ ಕೂರಿಸಲು ಜೀವವಿರುವ ಬೇರುಗಿಡ ಬೇಕು. ಈ ಕಡ್ಡಿಗಳು ಚಿಗುರುವ ಮೊದಲೇ ಬೇಕು."

"ಎಲ್ಲಿಂದ ತರುತ್ತೀ?"

"ಎಲ್ಲಿದ್ದರೆ ಅಲ್ಲಿಂದ."

ಹೊರಟಳು. ಏಳು ದಿನ ನಡೆದಳು. ದಾರಿಯಲ್ಲಿ ಒಬ್ಬ ಮುದುಕಿ ತೋಳುದಪ್ಪದ ಗಿಡಗಳನ್ನು ಹರಡಿಕೊಂಡು ಕೂತಿದ್ದಳು. "ತಗೋ ಮಗಳೇ, ಪುಕ್ಕಟೆ. ಇಲ್ಲಿಂದಲೇ ಮನೆಗೆ ಹೋಗು."

ಬೊಮ್ಮಕ್ಕ ಒಂದರ ತೊಗಟೆಯನ್ನು ಉಗುರಿನಿಂದ ಕೆರೆದಳು. ಒಳಗೆ ಹಸಿರಿರಲಿಲ್ಲ. ಬೇರನ್ನು ಮೂಸಿದಳು. ಹೊಗೆಯ ವಾಸನೆ. "ಬೇಡ ಅಜ್ಜಿ, ಇದರಲ್ಲಿ ಜೀವವಿಲ್ಲ" ಎಂದಳು. ಗಿಡಗಳೆಲ್ಲ ಹಾವಾಗಿ ಬುಸುಗುಟ್ಟಿದವು. ಮುದುಕಿ ಹೊಗೆಯಾಗಿ ಹಾರಿಹೋದಳು.

ಮತ್ತೆ ಏಳು ದಿನ ನಡೆದಳು. ಮುಂದೊಂದು ಕಣಿವೆ, ಅಲ್ಲಿ ಎಂದೆಂದೂ ಬೇಸಿಗೆ. ಬಂಗಾರದ ಜಿಂಕೆಯೊಂದು ಕರೆಯಿತು: "ಬಾ ತಾಯಿ, ನಿನ್ನ ಕಾಲು ಒಡೆದಿದೆ. ಈ ದಾರಿ ಬೆಚ್ಚಗಿದೆ, ಹತ್ತಿರವೂ ಹೌದು."

ಬೊಮ್ಮಕ್ಕನಿಗೆ ಆಸೆಯಾಯಿತು. ಒಂದು ಹೆಜ್ಜೆ ಇಟ್ಟೂಬಿಟ್ಟಳು. ಅಷ್ಟರಲ್ಲೇ ಪಾಚಿಯೊಳಗಿನ ಕಡ್ಡಿಯ ಕಣ್ಣು ಊದತೊಡಗಿತು. ಇಲ್ಲಿ ಚಿಗುರಿದರೆ ಕಸಿಗೆ ಬಾರದು! ಸರಕ್ಕನೆ ಹಿಂದಕ್ಕೆ ಬಂದು, ಇನ್ನೊಂದು ದಾರಿಯ ಹಿಮದ ದಿಣ್ಣೆ ಹತ್ತಿದಳು. ಚಳಿಗೆ ಅಳು ಬಂತು. ಅಳುತ್ತಲೇ ನಡೆದಳು.

ಮತ್ತೆ ಏಳು ದಿನ. ಕೊನೆಗೊಂದು ಬೋಳುಗುಡ್ಡ. ಬಂಡೆಯ ಬಿರುಕುಗಳಲ್ಲಿ ಕಾಡು ಮರಸೇಬಿನ ಗಿಡಗಳು, ಕಿರುಬೆರಳು ದಪ್ಪ, ಮುಳ್ಳು ಮುಳ್ಳು. ಕೆರೆದು ನೋಡಿದಳು. ಹಸಿರು! ಅವುಗಳ ಮುಂದೆ ಆನೆಗಾತ್ರದ ಕರಡಿ ಕೂತಿತ್ತು.

"ಒಂದು ಎಳೆಬೇರೂ ಹರಿಯದ ಹಾಗೆ ಮೂರು ಗಿಡ ಕೀಳು" ಎಂದಿತು ಕರಡಿ. "ಕಿತ್ತರೆ ನಿನ್ನವು. ಹರಿದರೆ ನೀನು ನನ್ನ ಊಟ."

ಬೊಮ್ಮಕ್ಕ ಬೆರಳಿನಿಂದ ಮಣ್ಣು ಬಿಡಿಸಿದಳು, ಕೂದಲಿನ ಸಿಕ್ಕು ಬಿಡಿಸಿದ ಹಾಗೆ. ಮೂರು ಹಗಲು ಬಿಡಿಸಿದಳು. ಉಗುರು ಕಿತ್ತುಬಂತು, ಬೇರು ಹರಿಯಲಿಲ್ಲ. ಕರಡಿ ಒಂದೊಂದೇ ಎಳೆಯನ್ನು ಮೂಸಿ ನೋಡಿತು.

"ಇವು ಹುಟ್ಟಿದಾಗಿನಿಂದ ಕಲ್ಲು ಸೀಳಿ ನೀರು ಕುಡಿದ ಬೇರುಗಳು, ಮಗಳೇ. ಇವನ್ನು ಯಾರೂ ಕಲ್ಲು ಮಾಡಲಾರರು" ಎಂದು ಹೇಳಿ, ಅವಳನ್ನು ಬೆನ್ನ ಮೇಲೆ ಹೊತ್ತು, ಮೂರೇ ನೆಗೆತಕ್ಕೆ ಅವಳ ಹಿತ್ತಿಲಿಗೆ ತಂದು ಬಿಟ್ಟಿತು.

ಬೊಮ್ಮಕ್ಕ ಗಿಡಗಳನ್ನು ನೆಟ್ಟಳು. ಬುಡವನ್ನು ಓರೆಯಾಗಿ ಕೊಯ್ದಳು, ಕಡ್ಡಿಯನ್ನು ಓರೆಯಾಗಿ ಕೊಯ್ದಳು, ಹಸಿರಿಗೆ ಹಸಿರು ಕೂಡಿಸಿ ಬಾಳೆನಾರಿನಿಂದ ಕಟ್ಟಿದಳು. ಎರಡು ಮುಗಿದವು. ಮೂರನೆಯದಕ್ಕೆ ಕೈ ಹಾಕುವಾಗ ಬೇಲಿಯಾಚೆ ಧೂಮಕೇಶಿ ನಿಂತಿದ್ದ. ಬುರುಡೆಯ ಬಿರಡೆ ಸಡಿಲಿಸಿದ.

"ತಂಗೀ!" ಎಂದಿತು ಬುರುಡೆಯೊಳಗಿಂದ ಜಂಬಣ್ಣನ ದನಿ.

"ಕಟ್ಟಿದ್ದನ್ನು ಕಿತ್ತು ಕೊಡು. ನಿನ್ನ ಅಣ್ಣನ ದನಿ ಈಗಲೇ ಕೊಡುತ್ತೇನೆ" ಎಂದ ಮಾಂತ್ರಿಕ.

ಬೊಮ್ಮಕ್ಕನ ಕೈಯಿಂದ ಚಾಕು ಬಿತ್ತು. ಪಕ್ಕದಲ್ಲಿದ್ದ ಜಂಬಣ್ಣ ಬಾಗಿ ಚಾಕು ಎತ್ತಿಕೊಂಡ, ಅಂಗಿಯ ತುದಿಯಿಂದ ಒರೆಸಿದ, ತಂಗಿಯ ಕೈಯಲ್ಲಿಟ್ಟ. ಮೂರನೆಯ ಗಿಡದ ಕಡೆ ಬೆರಳು ತೋರಿಸಿದ.

ಅವಳು ಕಣ್ಣೊರೆಸಿಕೊಂಡು ಕೂತು ಕೊಯ್ದಳು, ಹಸಿರಿಗೆ ಹಸಿರು ಕೂಡಿಸಿ ನಾರು ಸುತ್ತತೊಡಗಿದಳು.

ಧೂಮಕೇಶಿ ಸಿಟ್ಟಿನಿಂದ ಉಫ್ ಎಂದು ಊದಿದ. ಬೇರು ಕಲ್ಲಾಗಲಿಲ್ಲ. ಮತ್ತೆ ಊದಿದ. ಆಗಲಿಲ್ಲ. ಮೂರನೆಯ ಸಲ ಇದ್ದ ಉಸಿರನ್ನೆಲ್ಲ ಕೂಡಿಸಿ ಊದಿದ. ಆ ಉಸಿರು ಕಾಡುಬೇರಿಗೆ ತಾಗಿ, ಬಂದ ದಾರಿಯಲ್ಲೇ ತಿರುಗಿತು. ಪಾದ ಕಲ್ಲಾಯಿತು, ಸೊಂಟ ಕಲ್ಲಾಯಿತು, ಊದುತ್ತಿದ್ದ ಬಾಯಿಯೂ ಕಲ್ಲಾಯಿತು. ಬುರುಡೆ ಜಾರಿ ಬಿದ್ದು ಒಡೆಯಿತು. ದನಿಗಳು ಗುಬ್ಬಿಗಳ ಹಾಗೆ ಹಾರಿ, ಬೀದಿ ಬೀದಿಯಲ್ಲಿ ತಮ್ಮ ತಮ್ಮ ಮನೆ ಹುಡುಕಿಕೊಂಡವು. ಊರಿಗೆ ಊರೇ ಕೂಗಾಡತೊಡಗಿತು.

ಬೊಮ್ಮಕ್ಕ ಅಣ್ಣನ ಮುಖವನ್ನೇ ನೋಡಿದಳು. ಜಂಬಣ್ಣ ಗಂಟಲು ಸರಿಮಾಡಿಕೊಂಡ.

"ನಾರು ಇನ್ನೂ ಬಿಗಿಯಾಗಿ ಕಟ್ಟೇ," ಎಂದ. "ಒಳಗೆ ಗಾಳಿ ಹೋಗುತ್ತೆ."

ಅವಳು ನಕ್ಕು, ಅತ್ತು, ಬಿಗಿಯಾಗಿ ಕಟ್ಟಿದಳು. ಮೂರೂ ಚಿಗುರಿದವು. ವರ್ಷ ವರ್ಷವೂ ಅವುಗಳ ಕಡ್ಡಿ ಕೊಯ್ದು, ಬೋಳುಗುಡ್ಡದಿಂದ ತಂದ ಬೇರಿಗೆ ಕಟ್ಟಿದಳು. ಮನೆಗೊಂದು ಮರವಾಯಿತು. ರಾಜ, ಪ್ರಜೆ, ಅಣ್ಣ, ತಂಗಿ, ಎಲ್ಲರೂ ಹೊಟ್ಟೆ ತುಂಬ ಉಂಡು, ಬಾಯಿ ತುಂಬ ಮಾತಾಡಿಕೊಂಡು, ನೂರು ಮಾಗಿ ಕಂಡು ಬಾಳಿದರು.