ಹಿಂದಿನ ತಾರೀಖು

"ಏನು ಬೇಕಾದ್ರೂ ಮಾಡಿ, ರಿಕವರಿ ಮೋಡ್‌ಗೆ ಮಾತ್ರ ಹೋಗ್ಬೇಡಿ," ಎಂದಳು ಟೈಲರಮ್ಮ. "ಈ ಕಂಪ್ಯೂಟರಿಗೆ ಮಾಟ ಆಗಿದೆ."

ಮೆಕ್ಯಾನಿಕ್ ಅವಳ ಮುಖವನ್ನೇ ನೋಡಿದ. ತಮಾಷೆಯಲ್ಲ ಎಂದು ಗೊತ್ತಾದ ಮೇಲೆ ನಕ್ಕ. ಹೊಟ್ಟೆ ಹಿಡಿದುಕೊಂಡು ನಕ್ಕ. ಈ ಹೊಸ ಊರಲ್ಲಿ ಅಂಗಡಿ ಇಟ್ಟಾಗಿನಿಂದ ಅವನು ಹಾಗೆ ನಕ್ಕಿದ್ದೇ ಇಲ್ಲ. ನಗಿಸುವವರಾದರೂ ಯಾರಿದ್ದರು?

"ಮಾಟಕ್ಕೊಂದು ಆಂಟಿವೈರಸ್ ಹಾಕಿಬಿಡ್ಲಾ ಅಮ್ಮಾ?"

ಟೈಲರಮ್ಮ ಕಣ್ಣು ಮುಚ್ಚಿ ಉದ್ದಕ್ಕೆ ಉಸಿರು ಬಿಟ್ಟಳು, ತಲೆ ಮೇಲಿನ ಹೊರೆ ಇಳಿಸಿದವಳ ಹಾಗೆ. ಬೇಜಾರಾಯಿತೇನೋ ಪಾಪ, ಎಂದುಕೊಂಡ ಅವನು. ಅವಳು ಅಡುಗೆಮನೆಗೆ ಹೋದಳು.

ಹಗಲಾದರೂ ಆ ಕೋಣೆಯಲ್ಲಿ ಕತ್ತಲೆ. ಕಿಟಕಿಗೆ ಅಡ್ಡವಾಗಿ ಬಟ್ಟೆಯ ಥಾನುಗಳನ್ನು ಒಟ್ಟಿದ್ದಳು. ಹೊಲಿಗೆ ಯಂತ್ರದ ಎಣ್ಣೆಯ ವಾಸನೆ, ಮುಗ್ಗಲು ಬಟ್ಟೆಯ ವಾಸನೆ. ಯಂತ್ರಗಳು ಎರಡಿದ್ದವು. ಒಂದಕ್ಕೆ ಬಿಳಿ ಬಟ್ಟೆ ಹೊದಿಸಿತ್ತು. ಅದು ತೀರಿಹೋದ ತಂಗಿಯದು ಎಂದು ಬಂದ ಕೂಡಲೇ ಹೇಳಿದ್ದಳು.

ಕಂಪ್ಯೂಟರ್ ಆನ್ ಆಗುತ್ತಿತ್ತು, ಪರದೆಯ ಮೇಲೆ ಚುಕ್ಕಿಗಳು ಸುತ್ತುತ್ತಿದ್ದವು, ಅಲ್ಲಿಗೆ ನಿಂತುಬಿಡುತ್ತಿತ್ತು. ಡಬ್ಬಿ ಬಿಚ್ಚಿದ. ಹಾರ್ಡ್ ಡಿಸ್ಕಿಗೆ ಯಾರೋ ಉದ್ದ ಕೂದಲಿನ ಜಡೆಯನ್ನು ಬಿಗಿಯಾಗಿ ಸುತ್ತಿದ್ದರು. "ಅಬ್ಬಾ, ಏನು ಸಿಂಗಾರ!" ಎಂದು ಅದನ್ನು ಕಿತ್ತು ಮೂಲೆಗೆಸೆದ. ಧೂಳು ಊದಿದ, ವೈರು ಬದಲಿಸಿದ. ಚುಕ್ಕಿಗಳು ಸುತ್ತುತ್ತಲೇ ಇದ್ದವು.

ಬೇರೆ ಮೆಕ್ಯಾನಿಕ್ ಆಗಿದ್ದರೆ ಕೈಮುಗಿದು ಹೊರಡುತ್ತಿದ್ದ. ಇವನಿಗೆ ಇನ್ನೊಂದು ಆಸೆಯಿತ್ತು. ಹೆಂಡತಿಯೂ ಮಗಳೂ ದೂರದ ಊರಲ್ಲಿದ್ದರು. ಅಂಗಡಿ ಕುದುರಿದ ಮೇಲೆ ಕರೆಸಿಕೊಳ್ಳಬೇಕು ಎಂದಿತ್ತು. ಏಳು ವರ್ಷದ ಮಗಳು ದಿನಾ ಸಂಜೆ ಫೋನು ಮಾಡಿ, "ಸ್ಕ್ರೂ ಅಪ್ಪಾ, ಊಟ ಆಯ್ತಾ? ಇವತ್ತು ಏನಾಯ್ತು ಹೇಳು" ಎನ್ನುತ್ತಿದ್ದಳು. ಇವನಿಗೆ ಹೇಳಲು ಏನೂ ಇರುತ್ತಿರಲಿಲ್ಲ. ಅಂಗಡಿ, ಬಾಡಿಗೆ ಕೋಣೆ, ಮತ್ತೆ ಅಂಗಡಿ. ಆ ಒಂದು ಫೋನಿಗಾಗಿಯೇ ಅವನ ದಿನ ಬೆಳಗಾಗುತ್ತಿತ್ತು. ಇವತ್ತು ಹೇಳಲು ಕತೆಯೊಂದು ಸಿಕ್ಕಿದೆ: ಮಾಟದ ಕಂಪ್ಯೂಟರಿನ ಕತೆ. ಕೊನೆ ನೋಡದೆ ಬಿಟ್ಟರೆ ಮಗಳು ಸುಮ್ಮನಿರುತ್ತಾಳೆಯೇ?

ರಿಕವರಿ ಮೋಡ್‌ನ ಕೀಲಿಯನ್ನು ಒತ್ತಿ ಹಿಡಿದು ಸ್ವಿಚ್ ಹಾಕಿದ.

ಪರದೆ ನೀಲಿಯಾಯಿತು. ಹಿಂದಿನ ಸ್ಥಿತಿಗೆ ಮರಳಿಸಬೇಕೇ ಎಂದು ಕೇಳಿತು. ಕೆಳಗೆ ಒಂದೇ ಒಂದು ತಾರೀಖು. ತುಂಬಾ ಹಳೆಯದು. ಅವನಿಗೆ ಮದುವೆಯೇ ಆಗಿರದ ಕಾಲದ್ದು.

ಒತ್ತಿದ.

ಪರದೆ ಆರಿತು. ಫ್ಯಾನು ನಿಂತಿತು. ಗುಂಯ್ ಎನ್ನುವ ಸದ್ದು ಮಾತ್ರ ನಿಲ್ಲಲಿಲ್ಲ. ಕೂದಲು ಸುಟ್ಟ ವಾಸನೆ. ಬೆರಳು ಕೀಲಿಯಿಂದ ಏಳುತ್ತಿಲ್ಲ. ಎಳೆದ. ಬರಲಿಲ್ಲ. ಎದೆಯೊಳಗಿಂದ ಏನೋ ಕಿತ್ತು ಬರುತ್ತಿದೆ. ದಾರ ಬಿಚ್ಚಿದ ಹಾಗೆ. ಬೆನ್ನ ಹಿಂದೆ ಕಿರ್ರ್ ಎಂದಿತು. ತಿರುಗಿದ. ಬಿಳಿ ಬಟ್ಟೆಯ ಕೆಳಗೆ ಯಂತ್ರದ ಚಕ್ರ ತಾನಾಗಿ ತಿರುಗುತ್ತಿತ್ತು.

ಬೆರಳು ಬಿಟ್ಟಿತು. ಪರದೆ ಬೆಳಗಿತು. ಕಂಪ್ಯೂಟರ್ ಸರಿಯಾಗಿತ್ತು. ಅವನು ಚೀಲವನ್ನೂ ಬಿಟ್ಟು ಓಡಿದ.

ಅಂಗಡಿಯ ಗೋಡೆಗೆ ಮಗಳು ಬರೆದುಕೊಟ್ಟ ಚಿತ್ರ ಅಂಟಿಸಿದ್ದ. ಚಿತ್ರವಿಲ್ಲ. ಅಂಟಿನ ಕಲೆಯೂ ಇಲ್ಲ. ಸಂಜೆಯಾಯಿತು, ಫೋನು ಬರಲಿಲ್ಲ. ತಾನೇ ಮಾಡಿದ.

"ಯಾರು ಮಾತಾಡ್ತಿರೋದು?" ಹೆಂಡತಿಯದೇ ದನಿ.

"ನಾನು ಕಣೇ. ಪುಟ್ಟಿಗೆ ಕೊಡು."

"ಯಾವ ಪುಟ್ಟಿ? ನಂಗಿನ್ನೂ ಮದುವೇನೇ ಆಗಿಲ್ಲ. ರಾಂಗ್ ನಂಬರ್ ರೀ."

ಅವನು ಎದ್ದು ಬಿದ್ದು ಟೈಲರಮ್ಮನ ಮನೆಗೆ ಬಂದ. ಒಳಗೆ ಎರಡು ಯಂತ್ರಗಳು ಒಟ್ಟಿಗೆ ಓಡುತ್ತಿದ್ದವು. ಯಾರೋ ಹೆಂಗಸು, "ಅಕ್ಕಾ, ಬಾಗ್ಲಲ್ಲಿ ಯಾರೋ ಬಂದಿದಾರೆ" ಎಂದಳು.

ಟೈಲರಮ್ಮ ಅವನ ಮುಖ ನೋಡಲಿಲ್ಲ.

"ಮಾಟ ಮಾಡ್ಸಿದ್ದು ನಾನೇ ಕಣಪ್ಪಾ. ತಂಗಿ ಇಲ್ದೆ ಇರೋಕಾಗ್ಲಿಲ್ಲ. ಬೇಡ ಅಂತ ನಾನೇ ಬಾಯ್ಬಿಟ್ಟು ಹೇಳ್ಬೇಕು, ಕೇಳಿದೋರು ನಕ್ಕು ಒತ್ಬೇಕು. ಆ ತಾರೀಖಿಂದ ಈಚೆಗೆ ಅವರಿಗೆ ಸಿಕ್ಕಿದ ತಮ್ಮೋರೆಲ್ಲ ಹೋಗ್ತಾರೆ. ನಾನು ಕಳ್ಕೊಂಡಿದ್ದು ಬರತ್ತೆ. ಎಷ್ಟು ಜನಕ್ಕೆ ಹೇಳ್ದೆ! ಎಲ್ಲರೂ ಹೆದ್ರಿಕೊಂಡು ಹೋದ್ರು. ನೀನೊಬ್ಬ ನಕ್ಕೆ."

"ನನ್ ಮಗು ಕೊಡಿ ಅಮ್ಮಾ."

ಅವಳು ಕಂಪ್ಯೂಟರನ್ನು ತಂದು ಹೊಸ್ತಿಲಾಚೆ ಇಟ್ಟಳು. ಜಡೆ ಮತ್ತೆ ಅದರೊಳಗಿತ್ತು. ಪರದೆಯ ಮೇಲೆ ಚುಕ್ಕಿಗಳು ಸುತ್ತುತ್ತಿದ್ದವು. "ಇನ್ಮೇಲೆ ಇದು ನಿಂದು. ಇವತ್ತಿನ ತಾರೀಖು ಹಿಡ್ಕೊಂಡಿದೆ. ನಗೋರನ್ನ ಹುಡ್ಕು."

ಹುಡುಕಿದ. ಊರೂರು ಸುತ್ತಿದ. ಅಂಗಡಿಯಿಂದ ಅಂಗಡಿಗೆ ಹೊತ್ತ. ಯಾರೂ ನಗಲಿಲ್ಲ. ಅವನ ಮುಖ ನೋಡಿದರೆ ನಗು ಬರುವ ಹಾಗಿರಲಿಲ್ಲ. "ಆಯ್ತು ಸಾರ್, ನಮಗ್ಯಾಕೆ" ಎಂದು ವಾಪಸ್ಸು ಕೊಡುತ್ತಿದ್ದರು. ವರ್ಷಗಳು ಹೋದವು. ತಲೆ ನೆರೆಯಿತು. ಸಂಜೆಯಾದರೆ ಫೋನನ್ನು ಅಂಗೈಯಲ್ಲಿಟ್ಟುಕೊಂಡು ಸುಮ್ಮನೆ ಕೂರುತ್ತಿದ್ದ.

ಕಡೆಗೊಂದು ಅಂಗಡಿ. ರಿಪೇರಿ ಮಾಡುವವಳು ಲವಲವಿಕೆಯ ಹೆಂಗಸು. ಮೇಜಿನ ಪಕ್ಕದ ತೊಟ್ಟಿಲಲ್ಲಿ ಅವಳ ಮಗು, ಇನ್ನೂ ಹಲ್ಲು ಬಂದಿರಲಿಲ್ಲ.

"ರಿಕವರಿ ಮೋಡ್‌ಗೆ ಮಾತ್ರ ಹೋಗ್ಬೇಡಮ್ಮಾ," ಎಂದ. "ಇದಕ್ಕೆ ಮಾಟ ಆಗಿದೆ."

ಅವಳು ನಕ್ಕಳು. ಮೇಜು ಬಡಿದು ನಕ್ಕಳು. ಅಮ್ಮ ನಕ್ಕಿದ್ದು ನೋಡಿ ಮಗುವೂ ಬೊಚ್ಚುಬಾಯಿ ಬಿಟ್ಟು ನಕ್ಕಿತು.

ಅವನು ಕಣ್ಣು ಮುಚ್ಚಿ ಉಸಿರು ಬಿಟ್ಟ. ಆಮೇಲೆ ತೊಟ್ಟಿಲು ನೋಡಿದ. ಬೇಡ ಎನ್ನಲು ಬಾಯಿ ತೆರೆದ. ಆದರೆ ಬೇಡವೆಂದು ಆಗಲೇ ಹೇಳಿಯಾಗಿತ್ತು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತ. ಒಳಗೆ ಗುಂಯ್ ಎಂದಿತು. ಮಗುವಿನ ನಗು ನಡುವಲ್ಲೇ ನಿಂತಿತು. ಅಂಗೈಯಲ್ಲಿದ್ದ ಫೋನು ರಿಂಗಾಯಿತು.

"ಸ್ಕ್ರೂ ಅಪ್ಪಾ, ಊಟ ಆಯ್ತಾ? ಇವತ್ತು ಏನಾಯ್ತು ಹೇಳು."