ಎಡೆ ಬಿಟ್ಟು ಎದ್ದ ಮುತ್ಯಾ

ಅಪ್ಪನ ಅಜ್ಜ ವಿರುಪಾಕ್ಷಪ್ಪ ಮುತ್ಯಾ ವಿಜಾಪುರದ ಕಡೆಯ ಹಳ್ಳಿಯೊಂದರಲ್ಲಿ ಹಾವು ಕಡಿದವರಿಗೆ ಔಷಧಿ ಕೊಡುತ್ತಿದ್ದರು. ಯಾರಾದರೂ ಕರೆಯಲು ಬಂದರೆ ಉಣ್ಣುತ್ತಿದ್ದ ತುತ್ತು ಬಿಟ್ಟು, ಕೈ ಕೂಡ ತೊಳೆಯದೆ, ಶಿವಾ ಎಂದು ಎದ್ದುಬಿಡುತ್ತಿದ್ದರಂತೆ. ನಾನು ಅವರನ್ನು ಫೋಟೊದಲ್ಲಷ್ಟೇ ನೋಡಿದವಳು.

೧೯೮೧ರ ಮಹಾಲಯ ಅಮಾವಾಸ್ಯೆ. ಅಪ್ಪ ಕೆಲಸಕ್ಕೆಂದು ಬಂದು ನೆಲೆಸಿದ್ದ ಅಂಬರನಾಥದ ಚಾಳಿನ ನಮ್ಮ ಕೋಣೆಯಲ್ಲಿ ಆ ಫೋಟೊದ ಮುಂದೆ ಹೋಳಿಗೆ, ತುಪ್ಪದ ಎಡೆ ಇಟ್ಟಿದ್ದೆವು. ಮಧ್ಯಾಹ್ನ ಹಿಂದಿನ ನಲ್ಲಿಯ ಹತ್ತಿರ ತಂಗಿ ಚಂದವ್ವನ ಪಾದಕ್ಕೆ ಹಾವು ಕಡಿಯಿತು. ಟಾಂಗಾ ತರಲು ಸ್ಟೇಶನ್ನಿಗೆ ಓಡಿದ ಅಪ್ಪ ಎಷ್ಟು ಹೊತ್ತಾದರೂ ಬರಲಿಲ್ಲ. ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ ತಂಗಿಯ ತುಟಿ ನೀಲಿಗಟ್ಟುತ್ತಿತ್ತು. ಅವ್ವ ಫೋಟೊದ ಕಡೆ ತಿರುಗಿ ಚೀರಿದಳು:

"ಊರ ಮಂದೀನೆಲ್ಲಾ ಉಳಿಸಿದಿ, ಮನಿ ಕೂಸು ನಿನಗ ಕಾಣವಲ್ದೇನೋ ಮುತ್ಯಾ!"

ಕೋಣೆ ಒಮ್ಮೆಲೇ ತಣ್ಣಗಾಯಿತು. ಫೋಟೊದ ಕಡೆಯಿಂದ, ಕೂತಿದ್ದ ಯಾರೋ ಎದ್ದಂತೆ, ಮೊಣಕಾಲು ಲಟಕ್ಕೆಂದ ಸದ್ದು ಬಂತು. ತಂಗಿ ಕಣ್ಣು ತೆರೆಯದೆಯೇ, "ಯಕ್ಕಾ, ಕಾಲು ಅಷ್ಟು ಗಟ್ಟಿ ಹಿಡೀಬ್ಯಾಡ," ಎಂದಳು. ನನ್ನೆರಡೂ ಕೈ ಅವಳ ತಲೆಯ ಮೇಲಿದ್ದವು. ಅವ್ವ ಫೋಟೊದ ಮುಂದೆಯೇ ಬಿದ್ದುಕೊಂಡಿದ್ದಳು. ನೋಡಿದರೆ ತಂಗಿಯ ಅದೇ ಪಾದದ ಮೇಲೆ ತುಪ್ಪ ಹತ್ತಿದ ಬೆರಳುಗಳ ಗುರುತು. ಎಡೆಯ ಹೋಳಿಗೆಯಲ್ಲಿ ಒಂದು ತುತ್ತು ಮುರಿದಿತ್ತು.

ಟಾಂಗಾ ಬಂತು, ದವಾಖಾನೆ ಸೇರಿದೆವು, ತಂಗಿ ಉಳಿದಳು. ಈಗ ಅವಳಿಗೆ ಮದುವೆಯೂ ಆಗಿದೆ. ಆದರೆ ಆ ಒಂದು ಪಾದ ಮಾತ್ರ ಎಂಥ ಬೇಸಿಗೆಯಲ್ಲೂ ಇವತ್ತಿನವರೆಗೆ ಬೆಚ್ಚಗಾಗಿಲ್ಲ.